ತೂಕದ ಚೀಟಿಗೆ ಮೊದಲು ಹಿಂದಿನ ದೀಪ

ನಮಸ್ಕಾರ. ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿಯ ಕಡೆಗೆ ರಾತ್ರಿ ಹೊತ್ತು ಗಾಡಿ ಓಡಿಸುವವರಿಗೆ ಈ ಅನುಭವ ಆಗಿಯೇ ಇರುತ್ತದೆ. ಖಾಲಿ ಎಂದುಕೊಂಡಿದ್ದ ರಸ್ತೆಯ ಎಡಬದಿಯಲ್ಲಿ ಕತ್ತಲೆಯೇ ಹೆಪ್ಪುಗಟ್ಟಿದಂತೆ ಏನೋ ಕಾಣಿಸುತ್ತದೆ. ಬ್ರೇಕ್ ಒತ್ತಿ ಹತ್ತಿರ ಹೋದ ಮೇಲಷ್ಟೇ ಅದು ಕೆಟ್ಟು ನಿಂತ ಟಿಪ್ಪರ್ ಎಂದು ತಿಳಿಯುತ್ತದೆ.

2023ರ ಅಕ್ಟೋಬರ್ 26ರ ಬೆಳಿಗ್ಗೆ, ಚಿಕ್ಕಬಳ್ಳಾಪುರದ ಹತ್ತಿರವೇ, ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನಿಂತಿದ್ದ ಟ್ಯಾಂಕರ್ ಲಾರಿಗೆ ಸುಮೊ ಹಿಂದಿನಿಂದ ಗುದ್ದಿ 13 ಮಂದಿ ಪ್ರಾಣ ಕಳೆದುಕೊಂಡರು. ಆಗ ಮಂಜು ಕವಿದಿತ್ತು. ಆ ಲಾರಿಯ ದೀಪಗಳ ಬಗ್ಗೆ ನಾನು ತೀರ್ಪು ಹೇಳಲು ಹೊರಟಿಲ್ಲ. ಆದರೆ ಅದೇ ಮಂಜು ಪ್ರತಿ ಚಳಿಗಾಲವೂ ನಮ್ಮ ಹೆದ್ದಾರಿಗೆ ಇಳಿಯುತ್ತದೆ, ಅದೇ ಬದಿಯಲ್ಲಿ ಲಾರಿಗಳು ಇಂದಿಗೂ ನಿಲ್ಲುತ್ತವೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂಬದಿಯ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕು. ಈ ದೂರ ಏಕೆ ಬೇಕೆಂದರೆ, ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಎದುರಿಗಿರುವುದು ಏನೆಂದು ಗುರುತಿಸಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಮೂವತ್ತು ಮೀಟರ್‌ಗೂ ಹೆಚ್ಚು ದಾರಿ ಮುಗಿದಿರುತ್ತದೆ, ಗಾಡಿ ನಿಲ್ಲಲು ಬೇಕಾದ ದೂರ ಅದರ ಮೇಲೆ.

ಕಳೆದ ತಿಂಗಳು ಊರಿನ ಒಂದು ಗ್ಯಾರೇಜಿನಲ್ಲಿ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿದ ಮರಳು, ಸಾಗಿಸುವ ಟಿಪ್ಪರಿನ ಹಿಂದಿನ ದೀಪ ಬಿಚ್ಚುವುದನ್ನು ನಿಂತು ನೋಡಿದೆ. ಗಾಜು ತೆಗೆದೊಡನೆ ಕೆಸರು ನೀರು ಸುರಿಯಿತು. ಹೋಲ್ಡರ್ ಹಸಿರು ಕಟ್ಟಿತ್ತು, ಬಲ್ಬು ಮಾತ್ರ ಸರಿಯಾಗಿಯೇ ಇತ್ತು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಮಿಣುಕುತ್ತಿತ್ತು. “ಅರ್ತ್ ಬಿಟ್ಟಿದೆ” ಎಂದ ಮೆಕ್ಯಾನಿಕ್, ಚಾಸಿಗೆ ಕೂಡಿಸಿದ್ದ ವೈರಿನ ತುದಿಯನ್ನು ಉಜ್ಜಿ ಬಿಗಿ ಮಾಡಿದ, ದೀಪ ಉರಿಯಿತು. ಎಷ್ಟು ದಿನದಿಂದ ಹೀಗಿತ್ತು ಎಂದು ಚಾಲಕನನ್ನು ಕೇಳಿದೆ. “ಹಿಂದ್ಗಡೆದು ನಮಗೆಲ್ಲಿ ಕಾಣ್ತದಣ್ಣ” ಎಂದ. ಆತ ಸುಳ್ಳು ಹೇಳಲಿಲ್ಲ. ಹೆಡ್‌ಲೈಟ್ ಕೆಟ್ಟರೆ ಆತನಿಗೇ ದಾರಿ ಕಾಣದು, ಅಂದೇ ರಿಪೇರಿಯಾಗುತ್ತದೆ. ಹಿಂದಿನ ದೀಪ ಕೆಟ್ಟರೆ ಅಪಾಯ ಬೆನ್ನ ಹಿಂದೆ ಬರುವ ಬೈಕ್ ಸವಾರನಿಗೆ. ಹಿಂಬದಿಗೆ ಅಂಟಿಸಿದ ಕೆಂಪು ರಿಫ್ಲೆಕ್ಟರ್ ಪಟ್ಟಿ ಇಂಥ ಹೊತ್ತಿನಲ್ಲಿ ಕಾಯಬೇಕು, ಆದರೆ ಕ್ವಾರಿಯ ಧೂಳು ಮೆತ್ತಿದ ಪಟ್ಟಿ ಹೊಳೆಯುವುದಿಲ್ಲ.

ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂದು ಪರೀಕ್ಷಿಸಿ ಕೊಡುವ ಪ್ರಮಾಣಪತ್ರ, ಇದೆಯಲ್ಲ ಎನ್ನುವವರಿದ್ದಾರೆ. ಎಂಟು ವರ್ಷದವರೆಗಿನ ಸರಕು ವಾಹನಕ್ಕೆ ಅದು ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಕ್ವಾರಿ ದಾರಿಯ ಕುಲುಕಾಟಕ್ಕೆ ವೈರು ಸಡಿಲವಾಗಲು ಒಂದು ವಾರ ಸಾಕು.

ಆದ್ದರಿಂದ ನನ್ನ ಒತ್ತಾಯವಿಷ್ಟು. ಲೋಡ್ ಆದ ಪ್ರತಿ ಗಾಡಿಯೂ ತೂಕ ಹಾಕುವ ವೇಬ್ರಿಡ್ಜ್ ಮೇಲೆ ನಿಂತೇ ನಿಲ್ಲುತ್ತದೆ. ಅಲ್ಲಿ ಹಿಂದಿನ ದೀಪ, ಬ್ರೇಕ್ ಲೈಟ್, ಇಂಡಿಕೇಟರ್ ಉರಿಸಿ ತೋರಿಸಿ, ಪಟ್ಟಿ ಒರೆಸಿದ ಮೇಲೆಯೇ ತೂಕದ ಚೀಟಿ ಕೈಗೆ ಸಿಗಬೇಕು. ದೀಪವಿಲ್ಲದ ಗಾಡಿಯನ್ನು ರಸ್ತೆಗೆ ಬಿಟ್ಟರೆ ದಂಡ ಚಾಲಕನ ಜೊತೆಗೆ ಮಾಲೀಕನ ಮೇಲೂ ಬೀಳಬೇಕು. ಕ್ಲೀನರ್ ಇಳಿದು ಹಿಂದೆ ಹೋಗಿ, “ಉರೀತಾ ಐತೆ, ಬಿಡಣ್ಣ” ಎಂದು ಕೂಗಲು ಅರ್ಧ ನಿಮಿಷವೂ ಹಿಡಿಯುವುದಿಲ್ಲ.