ಮಾಗಿಯಲ್ಲಿ ಕೆರೆಯಂಗಳದ ಕೆಲಸ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಕೆರೆ, ಕುರುಚಲು ಕಾಡು, ಹುಲ್ಲುಗಾವಲುಗಳ ಮಾತು ಬಂದರೆ ಜನರ ಗಮನ ಸಾಮಾನ್ಯವಾಗಿ ಜೂನ್ ತಿಂಗಳಿಗೆ ಹೋಗುತ್ತದೆ. ಅದು ಸಸಿ ನೆಡುವ ತಿಂಗಳು. ಒಳ್ಳೆಯ ಕೆಲಸವೇ. ಆದರೆ ನಾನು ಇವತ್ತು ಹೇಳಹೊರಟಿರುವುದು ಡಿಸೆಂಬರ್, ಜನವರಿಯ ಕೆಲಸದ ಬಗ್ಗೆ. ಜೂನಿನಲ್ಲಿ ನೆಟ್ಟದ್ದು ಮುಂದಿನ ಜೂನಿಗೆ ಉಳಿದಿರುತ್ತದೋ ಇಲ್ಲವೋ ಅನ್ನುವುದು ಬಹುಮಟ್ಟಿಗೆ ಈ ಚಳಿಯ ತಿಂಗಳುಗಳಲ್ಲೇ ತೀರ್ಮಾನವಾಗುತ್ತದೆ. ಕೆರೆಯಂಗಳ, ಕುರುಚಲು ಕಾಡುಗಳನ್ನು ಸರಿಪಡಿಸುವ ತಂಡದಲ್ಲಿ ದುಡಿಯುತ್ತ ನನ್ನಲ್ಲಿ ಬಲವಾಗಿರುವ ನಂಬಿಕೆ ಇದು.

ಮೊದಲು ಚಳಿಯ ವಿಚಾರ. ಬೆಂಗಳೂರಿನ ಹವಾಮಾನ ದಾಖಲೆಯಲ್ಲಿ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರದ್ದು. ಈಗ ಜನವರಿಯ ಬೆಳಗು ಸಾಮಾನ್ಯವಾಗಿ 15, 16 ಡಿಗ್ರಿ ಇರುತ್ತದೆ. ಸಂಖ್ಯೆ ಕೇಳಿದರೆ ಇದೇನು ಮಹಾ ಚಳಿ ಅನ್ನಿಸಬಹುದು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಳೆ ಎಳೆಯುವವರ ಮೈ ಬೇರೆಯದನ್ನೇ ಹೇಳುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ಕೆರೆಯ ಮೇಲೆ ಹಬೆ ಏಳುತ್ತಿರುತ್ತದೆ. ಹಗಲಿನ ಬಿಸಿಲನ್ನು ನೀರು ರಾತ್ರಿಯೆಲ್ಲ ಹಿಡಿದಿಟ್ಟುಕೊಂಡಿರುತ್ತದೆ, ಮೇಲಿನ ಗಾಳಿ ಮಾತ್ರ ಆಗಲೇ ತಣ್ಣಗಾಗಿರುತ್ತದೆ. ಹಾಗಾಗಿ ನೀರಿಗೆ ಇಳಿದಾಗ ಕಾಲಿಗೆ ಹಿತವೇ. ನಡುಕ ಹುಟ್ಟುವುದು ಮೇಲೆ ಬಂದಾಗ, ಒದ್ದೆ ಬಟ್ಟೆಗೆ ಮೂಡಣ ಗಾಳಿ ತಾಗಿದಾಗ. ಅದಕ್ಕೇ ನಮ್ಮಲ್ಲಿ ನೀರಿಗೆ ಇಳಿದವರು ಹತ್ತಿ ಇಳಿದು ಮಾಡುವುದಿಲ್ಲ. ಒಂದೇ ಸಲಕ್ಕೆ ಕೆಲಸ ಮುಗಿಸಿ, ಮೇಲೆ ಬಂದ ಕೂಡಲೇ ಒಣಬಟ್ಟೆ ಹಾಕಿಕೊಂಡು, ಶುಂಠಿ ಟೀ ಕುಡಿದು, ದಡದ ಕೆಲಸಕ್ಕೆ ಕೈಹಚ್ಚುತ್ತಾರೆ.

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದ ದಿನಗಳದ್ದು ಬೇರೆ ಕಥೆ. 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಸೇರಿದಾಗ ಇಲ್ಲಿ ಬಿಡದೆ ಜಿನುಗಿದ್ದು ನಿಮಗೂ ನೆನಪಿರಬಹುದು. ಅಂಥ ದಿನ ಬಿಸಿಲು ಬರುತ್ತದೆಂದು ಕಾದು ಪ್ರಯೋಜನವಿಲ್ಲ. ಏರಿಯ ಮಣ್ಣು ಜಾರುತ್ತದೆ, ಮಚ್ಚಿನ ಹಿಡಿ ಕೈಯಲ್ಲಿ ನಿಲ್ಲುವುದಿಲ್ಲ. ಹರಿತದ ಸಲಕರಣೆಗಳನ್ನು ಒಳಗಿಟ್ಟು ಬೀಜ ಬಿಡಿಸುತ್ತ ಕೂರುವುದೇ ಸರಿ.

ಈಗ ಕಳೆಯ ಕಡೆ ಬರೋಣ. ಜಕ್ಕೂರು ಕೆರೆಯನ್ನು ನೋಡಿದವರಿಗೆ ಗೊತ್ತು, ಅಲ್ಲಿ ಕೊಳಚೆ ನೀರು ಮೊದಲು ಶುದ್ಧೀಕರಣ ಘಟಕಕ್ಕೆ ಹೋಗಿ, ಆಮೇಲೆ ಜೊಂಡು ಬೆಳೆಸಿದ ಜೌಗಿನ ಮೂಲಕ ಹಾದು ಕೆರೆಗೆ ಸೇರುತ್ತದೆ. ದಿನಕ್ಕೆ 1 ಕೋಟಿ ಲೀಟರಿನ ಲೆಕ್ಕದಲ್ಲಿ ಕಟ್ಟಿದ ಘಟಕ ಅದು. ಅದು ಬಿಟ್ಟ ನೀರಿನಲ್ಲಿ ಇನ್ನೂ ಉಳಿದಿರುವ ಸಾರಜನಕ, ರಂಜಕಗಳನ್ನು ಜೊಂಡು ಹೀರಿಕೊಂಡು ಬೆಳೆಯುತ್ತದೆ. ಇಲ್ಲಿ ಜನ ಮರೆಯುವ ಸಂಗತಿಯೊಂದಿದೆ. ಬೆಳೆದ ಜೊಂಡನ್ನು ಕೊಯ್ದು ಹೊರಗೆ ಹಾಕದಿದ್ದರೆ ಅದು ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ನೀರಿಗೇ ವಾಪಸು ಕೊಡುತ್ತದೆ. ಕೊಯ್ಲು ಇಲ್ಲದ ಜೌಗು ಕೆಲವೇ ವರ್ಷಗಳಲ್ಲಿ ತಾನು ಮಾಡಬೇಕಾದ ಕೆಲಸ ನಿಲ್ಲಿಸುತ್ತದೆ. ಯಂತ್ರ ಒಂದಷ್ಟು ದೂರ ಹೋಗುತ್ತದೆ, ಅಂಚಿನಲ್ಲಿ ಮನುಷ್ಯರೇ ಇಳಿಯಬೇಕು.

ತೇಲುವ ಅಂತರಗಂಗೆಯ ಪಾಡು ಇನ್ನೂ ಭಾರ. ದಕ್ಷಿಣ ಅಮೆರಿಕದಿಂದ ಬಂದ ಈ ನೀಲಿ ಹೂವಿನ ಗಿಡ, ಕೊಳಚೆ ಸೇರಿದ ನೀರಿನಲ್ಲಿ ಎರಡು ವಾರದೊಳಗೆ ಇಮ್ಮಡಿಯಾಗಬಲ್ಲದು. ಅದರ ಹಸಿ ತೂಕದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಬರೀ ನೀರು. ಎಳೆದ ಕೂಡಲೇ ಟ್ರ್ಯಾಕ್ಟರಿಗೆ ತುಂಬಿದರೆ ನೀರನ್ನೇ ಸಾಗಿಸಿದ ಹಾಗೆ. ಹಾಗಾಗಿ ದಡದಲ್ಲಿ ಎರಡು ದಿನ ಹರಡಿ ಬಿಡುತ್ತೇವೆ. ಮಾಗಿಯ ಒಣಗಾಳಿ ಅರ್ಧ ಕೆಲಸ ತಾನೇ ಮಾಡುತ್ತದೆ. ಮಳೆಗಾಲದಲ್ಲಿ ಇದು ಆಗದು. ಹರಡುವ ಮುಂಚೆ ಒಂದೊಂದು ಹಿಡಿಯನ್ನೂ ನೀರಿನ ಮೇಲೆ ಹಿಡಿದು ಒದರಬೇಕು. ಗುಂಗುರು ಗುಂಗುರಾದ ಆ ಕಪ್ಪು ಬೇರುಗಳ ಒಳಗೆ ಉಗುರಿನಷ್ಟು ಉದ್ದದ ಮೀನುಮರಿ, ಬಸವನಹುಳು, ಕೆಲವೊಮ್ಮೆ ಗಾಜಿನಂತೆ ಕಾಣುವ ಸೀಗಡಿಮರಿ ಸಿಕ್ಕಿಕೊಂಡಿರುತ್ತವೆ. ಅವನ್ನು ನೀರಿಗೆ ಬಿಡದೆ ದಡಕ್ಕೆ ಎಸೆದರೆ ಬೆಳ್ಳಕ್ಕಿಗಳಿಗೆ ಒಂದು ದಿನದ ಹಬ್ಬ, ಕೆರೆಗೆ ನಷ್ಟ.

ಎಲ್ಲವನ್ನೂ ಬಳಿದು ಚೊಕ್ಕ ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಇದೇ ಚಳಿಯಲ್ಲಿ ಉತ್ತರದಿಂದ ಸೂಜಿಬಾಲದ ಬಾತು, ಚಲುಕ ಬಾತು, ಸಿಪಿಲೆಗಳು ನಮ್ಮ ಕೆರೆಗಳಿಗೆ ಬಂದಿರುತ್ತವೆ. ಜೊಂಡಿನೊಳಗೆ ಪುಟ್ಟ ಉಲಿಯಕ್ಕಿಗಳು ಕಣ್ಣಿಗೆ ಬೀಳದೆ ಟಕ್ ಟಕ್ ಅನ್ನುತ್ತಿರುತ್ತವೆ. 1987ರಿಂದ ನಡೆಯುತ್ತಿರುವ ಏಷ್ಯಾ ಜಲಪಕ್ಷಿ ಗಣತಿ ಜನವರಿಯಲ್ಲಿ ಇರುವುದೂ ಇದೇ ಕಾರಣಕ್ಕೆ. ಆದ್ದರಿಂದ ತುಂಡು ತುಂಡಾಗಿ ಕೊಯ್ಯಬೇಕು; ಒಂದು ಪಟ್ಟಿ ತೆಗೆದರೆ ಪಕ್ಕದ್ದನ್ನು ಬಿಡಬೇಕು. ಆಳವಿಲ್ಲದ ಅಂಚಿಗೆ ಬೆಳಗಿನ ಹೊತ್ತು ಕಾಲಿಡಬಾರದು. ವಾಕಿಂಗ್ ಬರುವವರಲ್ಲಿ ಕೆಲವರು, ಇನ್ನೂ ಅರ್ಧ ಕಳೆ ಹಾಗೇ ಇದೆಯಲ್ಲ ಅಂತ ಕೇಳುತ್ತಾರೆ. ಅದು ಅಲ್ಲಿ ವಾಸ ಮಾಡುವವರಿಗೆ ಅಂತ ಬಿಟ್ಟದ್ದು.

ದಡದಿಂದ ಮೇಲೆ, ಕುರುಚಲು ಕಾಡಿನಲ್ಲಿ, ಲಂಟಾನ. ಅಮೆರಿಕದ ಉಷ್ಣವಲಯದ ಈ ಗಿಡವನ್ನು 19ನೇ ಶತಮಾನದ ಮೊದಲ ಭಾಗದಲ್ಲಿ ಹೂವಿನ ಅಂದಕ್ಕೆಂದು ಬ್ರಿಟಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಪಿಕಳಾರಗಳು ಅದರ ಕಪ್ಪು ಹಣ್ಣು ತಿಂದು ಊರೂರಿಗೆ ಹಂಚಿದವು. ಬುಡದ ಮೇಲೆ ಕತ್ತರಿಸಿದರೆ ಅದು ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಅಂಥ ಕೆಲಸಕ್ಕೆ ಕೊಟ್ಟ ಕೂಲಿ ದಂಡ. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರು ಪ್ರಚಾರಕ್ಕೆ ತಂದ ವಿಧಾನ ಸರಳ: ಬುಡದ ಸುತ್ತ ಮಣ್ಣು ಬಿಡಿಸಿ, ನೆಲದಿಂದ ಮೂರ್ನಾಲ್ಕು ಬೆರಳು ಕೆಳಗೆ ತಾಯಿಬೇರನ್ನು ಕಡಿದು, ಇಡೀ ಪೊದೆಯನ್ನು ಬುಡಮೇಲು ಮಾಡಿ ಒಣಗಲು ಬಿಡುವುದು. ಹಿಂಗಾರಿನ ತೇವ ಇನ್ನೂ ಇರುವ ಡಿಸೆಂಬರಿನಲ್ಲಿ ಪಿಕಾಸಿ ಸಲೀಸಾಗಿ ಇಳಿಯುತ್ತದೆ. ಫೆಬ್ರವರಿ ಹೊತ್ತಿಗೆ ನಮ್ಮ ಕೆಂಪು ಮಣ್ಣು ಗಟ್ಟಿಯಾಗಿ, ಹಾರೆ ಹಾಕಿದರೂ ಠಣ್ ಅನ್ನುತ್ತದೆ. ಯಾದಗಿರಿ ಕಡೆಯಿಂದ ಬಂದು ನಮ್ಮ ತಂಡದಲ್ಲಿ ದುಡಿಯುವ ಹಿರಿಯಕ್ಕ ಹೊಸಬರಿಗೆ ಹೇಳುವುದು ಇಷ್ಟೇ: “ತಮ್ಮಾ, ಬೇರು ಬಿಟ್ಟರ ಕೆಲಸ ಮಾಡಿಲ್ಲ ಅಂತನ ಲೆಕ್ಕ.”

ಲಂಟಾನ ತೆಗೆದ ಜಾಗವನ್ನು ಖಾಲಿ ಬಿಟ್ಟರೆ ಕಾಂಗ್ರೆಸ್ ಗಿಡ ನುಗ್ಗುತ್ತದೆ. ಅಲ್ಲಿಗೆ ಕಾರೆ, ಬಂದರಿಕೆ, ಕವಳೆ, ಎಲಚಿ ಬರಬೇಕು. ಸಂಕ್ರಾಂತಿಯಲ್ಲಿ ಮಕ್ಕಳ ತಲೆಯ ಮೇಲೆ ಕಬ್ಬಿನ ಚೂರು, ಚಿಲ್ಲರೆ ಕಾಸಿನ ಜೊತೆ ಎರೆಯುವ ಎಲಚಿಹಣ್ಣು ಇದೇ ಮುಳ್ಳುಗಿಡದ್ದು. ಹಬ್ಬಕ್ಕೆ ಬೇಕಾದ ಹಣ್ಣನ್ನು ನಾವು ಮಾರುಕಟ್ಟೆಯಲ್ಲಿ ಹುಡುಕುತ್ತೇವೆ, ಗಿಡ ಕಂಡರೆ ಮುಳ್ಳು ಅಂತ ಕಡಿಯುತ್ತೇವೆ. ನನಗೆ ಇದು ಬಹಳ ನೋವಿನ ವಿಷಯ.

ಚಳಿಯಲ್ಲಿ ಹಾವಿನ ಬಗ್ಗೆ ಎಚ್ಚರ ಹೆಚ್ಚು ಬೇಕು. ಮೈ ಬಿಸಿಯಾಗದ ಹಾವು ಹೆಜ್ಜೆ ಸದ್ದಿಗೆ ಬೇಗ ಸರಿದು ಹೋಗುವುದಿಲ್ಲ. ಕೊಳಕುಮಂಡಲ ಒಣಹುಲ್ಲಿನ ಬಣ್ಣದಲ್ಲೇ ಬೆರೆತು ಬಿಸಿಲಿಗೆ ಮಲಗಿರುತ್ತದೆ. ಪೊದೆಗೆ ಕೈ ಹಾಕುವ ಮುಂಚೆ ಕೋಲಿನಿಂದ ಬಡಿಯುವುದು, ನಿನ್ನೆ ರಾಶಿ ಹಾಕಿದ ಕಡ್ಡಿಯನ್ನು ಬರಿಗೈಯಲ್ಲಿ ಎತ್ತದಿರುವುದು, ಮೊಣಕಾಲುದ್ದದ ಗಂಬೂಟು. ಕಚ್ಚಿದರೆ ಕಟ್ಟು, ಕುಯ್ತ ಯಾವುದೂ ಬೇಡ, ನೇರ ಆಸ್ಪತ್ರೆಗೆ.

ಆ ಗಂಬೂಟಿನ ಮಾತನ್ನೇ ಸ್ವಲ್ಪ ಮುಂದುವರಿಸುತ್ತೇನೆ. ಕೆರೆ ಅಭಿವೃದ್ಧಿ ಅಂದರೆ ಬೇಲಿ, ನಡಿಗೆ ಹಾದಿ, ಕಲ್ಲುಬೆಂಚು ಲೆಕ್ಕಕ್ಕೆ ಬರುತ್ತವೆ. ನೀರಿಗೆ ಇಳಿಯುವವರ ಬೂಟು, ಗ್ಲೌಸು, ಬಟ್ಟೆ ಬದಲಿಸಲು ಒಂದು ಮರೆ, ಕೈತೊಳೆಯಲು ಬಿಸಿನೀರು ಬರುವುದಿಲ್ಲ. ಕೊಳಚೆ ಬೆರೆತ ನೀರಿನಲ್ಲಿ ದಿನವಿಡೀ ನಿಂತ ಹೆಂಗಸರ ಹಿಮ್ಮಡಿ ಚಳಿಗೆ ಒಡೆದು ರಕ್ತ ಬರುವುದನ್ನು ನಾನು ನೋಡಿದ್ದೇನೆ; ಒಡೆದ ಚರ್ಮದಿಂದ ಸೋಂಕು ಒಳಗೆ ಹೋಗುವುದು ಸುಲಭ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬೆಳಗ್ಗೆ ಮತ್ತೆ ಬರುತ್ತಾರೆ. ಹಿಂದೆ ನಮ್ಮ ಕೆರೆಗಳಿಗೆ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಕಾಲುವೆ ನೋಡಿಕೊಳ್ಳುವುದು ಅವನ ಹೊಣೆ, ಊರಿನ ಬೆಳೆಯಲ್ಲಿ ಅವನಿಗೆ ಪಾಲು. ಒಂದೇ ಕೆರೆಯನ್ನು ವರ್ಷಾನುಗಟ್ಟಲೆ ಬಲ್ಲ ಜನ ಈಗಲೂ ಬೇಕು. ಗುತ್ತಿಗೆ ಮೂರು ತಿಂಗಳಿಗೆ ಮುಗಿಯುತ್ತದೆ, ಕಳೆಯ ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಈ ತಂಡಗಳಿಗೆ ವರ್ಷಪೂರ್ತಿ ಕೆಲಸ, ಕುಶಲ ಕೆಲಸಗಾರರ ಕೂಲಿ ಸಿಗಲೇಬೇಕು.

ಸಸಿ ನೆಡಬಾರದ ಜಾಗಗಳೂ ಇವೆ. ಹೆಸರಘಟ್ಟದ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ಸೆಳೆವ ಅನ್ನುವ ಬೇಟೆಹಕ್ಕಿಗಳು ಬಂದು ರಾತ್ರಿ ನೆಲದ ಹುಲ್ಲಿನಲ್ಲೇ ತಂಗುತ್ತವೆ. ಮರ ಎದ್ದರೆ ಅವಕ್ಕೆ ಅಲ್ಲಿ ಜಾಗವಿಲ್ಲ. 2024ರಲ್ಲಿ ಅಲ್ಲಿನ 5,600ಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿಗೆ ಸಿಕ್ಕಿತು. ಬಯಲನ್ನು ಬಯಲಾಗಿಯೇ ಉಳಿಸುವುದೂ ನಮ್ಮ ಕೆಲಸವೇ.

ಸಂಕ್ರಾಂತಿ ಕಳೆದ ಮೇಲೆ ಕುರುಚಲು ಕಾಡಿನ ಸುತ್ತ ಬೆಂಕಿ ರೇಖೆ ತೆಗೆಯುವ ಸಮಯ. ಒಣಹುಲ್ಲನ್ನು ಪಟ್ಟಿಯಾಗಿ ಕೊಯ್ದು ನೆಲ ಬರಿದು ಮಾಡದಿದ್ದರೆ, ಯಾರೋ ಎಸೆದ ಬೀಡಿ ತುಂಡಿಗೆ ಫೆಬ್ರವರಿ, ಮಾರ್ಚಿನಲ್ಲಿ ಇಡೀ ವರ್ಷದ ಸಸಿಗಳು ಸುಟ್ಟುಹೋಗುತ್ತವೆ. ಜೊತೆಗೆ ಪ್ರತಿ ಸಸಿಗೂ ಪಾತಿ ಬಿಡಿಸಿ, ಒಣಎಲೆ ಮುಚ್ಚಿ, ನೀರು ಕೊಡಬೇಕು. ನಿಮ್ಮ ಹತ್ತಿರದ ಕೆರೆಯಲ್ಲಿ ಇಂಥ ಕೆಲಸ ನಡೆಯುತ್ತಿದ್ದರೆ ಒಂದು ಭಾನುವಾರ ಹೋಗಿ. ಉದ್ದ ತೋಳಿನ ಅಂಗಿ, ಮುಚ್ಚಿದ ಬೂಟು ಇರಲಿ. ಚಳಿಯಲ್ಲಿ ಬಾಯಾರಿದ್ದು ಗೊತ್ತಾಗುವುದಿಲ್ಲ, ಕುಡಿಯುವ ನೀರು ತೆಗೆದುಕೊಂಡು ಹೋಗಿ. ಗುದ್ದಲಿ, ಕುಡುಗೋಲು ಅಲ್ಲೇ ಸಿಗುತ್ತವೆ. ಹೇಗೆ ಹಿಡಿಯಬೇಕೆಂದು ಅಲ್ಲಿನ ಅಕ್ಕಂದಿರನ್ನು ಕೇಳಿ, ತೋರಿಸಿಕೊಡುತ್ತಾರೆ.

ನಮಸ್ಕಾರ.