ಮಲಗಿದರೆ ಇಳಿಯುತ್ತದೆ ಎಂಬ ನಂಬಿಕೆ

ಕೇಳುಗರಿಗೆ ನಮಸ್ಕಾರ.

ಹೊಸತೊಡಕಿನ ಬಾಡೂಟ, ಮದುವೆಯ ಹಿಂದಿನ ರಾತ್ರಿ, ಡಿಸೆಂಬರ್ 31. ಉಳಿದ ದಿನ ಮುಟ್ಟದವರೂ ಅಂದು ಕೂತಲ್ಲೇ ಮಿತಿಮೀರಿ ಕುಡಿಯುತ್ತಾರೆ. ‘ನಾನೇನು ದಿನಾ ಕುಡಿಯೋನಲ್ಲ’ ಎಂಬ ಧೈರ್ಯ ಬೇರೆ. ಆದರೆ ಒಂದೇ ರಾತ್ರಿಯ ಕುಡಿತವೂ ಜೀವ ತೆಗೆಯಬಲ್ಲದು. ಹೇಗೆ ಎನ್ನುವುದನ್ನು ಮನೆಯವರೂ ಗೆಳೆಯರೂ ತಿಳಿದಿರಬೇಕು.

ಎಷ್ಟು ಕುಡಿದರೆ ಅತಿ? ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ, ಒಂದು ಸಲಕ್ಕೆ 60 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮಲ್ಲಿ ಸಿಗುವ ವಿಸ್ಕಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಹಾಗಾಗಿ 180 ಮಿ.ಲೀ.ನ ಒಂದು ಕ್ವಾರ್ಟರ್ ಮುಗಿಸಿದರೆ ಆ 60 ಗ್ರಾಂ ಮೈಸೇರಿತು. ಶೇ 8ರ ಸ್ಟ್ರಾಂಗ್ ಬಿಯರ್ ಆದರೆ, 650 ಮಿ.ಲೀ. ಬಾಟಲಿಯೊಂದರಲ್ಲಿ ಸುಮಾರು 41 ಗ್ರಾಂ. ಸೋಡಾ ಬೆರೆಸಿದರೂ ನೀರು ಬೆರೆಸಿದರೂ ಈ ಗ್ರಾಂ ಕಮ್ಮಿಯಾಗುವುದಿಲ್ಲ. ಹೆಂಗಸರ ಮೈಯಲ್ಲಿ ನೀರಿನಂಶ ಕಡಿಮೆ ಇರುವುದರಿಂದ ಅಷ್ಟೇ ಕುಡಿದರೂ ಅವರಿಗೆ ಅಮಲು ಹೆಚ್ಚು ಏರುತ್ತದೆ.

ಲಿವರ್ ಇದನ್ನು ಗಂಟೆಗೆ ಏಳೆಂಟು ಗ್ರಾಂನಂತೆ ಮಾತ್ರ ಕರಗಿಸುತ್ತದೆ. ಕಾಫಿ, ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು, ಯಾವುದರಿಂದಲೂ ಈ ವೇಗ ಹೆಚ್ಚುವುದಿಲ್ಲ. ಕೊನೆಯ ಗ್ಲಾಸು ಕೆಳಗಿಟ್ಟ ಮೇಲೂ ಹೊಟ್ಟೆಯಲ್ಲಿದ್ದದ್ದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ‘ಬಿಡ್ರೀ, ಮಲಗಿದ್ರೆ ಇಳಿಯುತ್ತೆ’ ಎಂದು ಕೋಣೆಯ ಬಾಗಿಲು ಎಳೆದುಕೊಂಡು ಹೋದ ಮೇಲೂ ಅಮಲು ಏರುತ್ತಿರಬಹುದು. ನನ್ನ ಪ್ರಕಾರ ಇಡೀ ರಾತ್ರಿಯಲ್ಲಿ ಅತಿ ಅಪಾಯದ ಮಾತು ಇದೇ.

ಅಮಲು ಮಿತಿಮೀರಿದಾಗ ಉಸಿರಾಟವನ್ನು ನಡೆಸುವ ಮಿದುಳಿನ ಭಾಗ ಮಂಕಾಗುತ್ತದೆ. ಗಂಟಲಿಗೆ ಏನಾದರೂ ಬಂದರೆ ಕೆಮ್ಮಿ ಹೊರಹಾಕುವ ಸಹಜ ರಕ್ಷಣೆಯೂ ಸತ್ತುಹೋಗುತ್ತದೆ. ಅಂಗಾತ ಮಲಗಿದವರಿಗೆ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟುತ್ತದೆ.

ಆದ್ದರಿಂದ ಕುಡಿದವರನ್ನು ಒಂದು ಮಗ್ಗುಲಿಗೆ ಮಲಗಿಸಿ. ಅವರ ಪಕ್ಕ ಮಂಡಿಯೂರಿ ಕೂತು, ನಿಮ್ಮ ಕಡೆಗಿರುವ ಅವರ ತೋಳನ್ನು ಹೊರಕ್ಕೆ ಚಾಚಿ. ಅವರ ಆಚೆಯ ಕೈಯ ಹಿಂಬದಿಯನ್ನು ನಿಮ್ಮ ಕಡೆಗಿರುವ ಅವರ ಕೆನ್ನೆಗೆ ತಾಗಿಸಿ ಹಿಡಿಯಿರಿ. ಆಚೆಯ ಮಂಡಿಯನ್ನು ಮಡಿಸಿ ನಿಮ್ಮತ್ತ ಎಳೆದರೆ ಮೈ ತಾನಾಗಿ ಹೊರಳುತ್ತದೆ. ಗದ್ದ ಸ್ವಲ್ಪ ಮೇಲೆತ್ತಿ, ಬಾಯಿ ನೆಲದ ಕಡೆ ಇರಲಿ. ನಂತರ ಒಬ್ಬರು ಅಲ್ಲೇ ಕೂತಿರಬೇಕು. ಬಾಯಿಗೆ ಏನೂ ಹಾಕಬೇಡಿ, ಬೆರಳಿಟ್ಟು ವಾಂತಿ ಮಾಡಿಸಬೇಡಿ. ತಣ್ಣೀರು ಸುರಿಯಲೇಬೇಡಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮೈಯ ಕಾವನ್ನು ಆಗಲೇ ಇಳಿಸಿರುತ್ತದೆ.

ಗಡಿಯಾರ ನೋಡುತ್ತಾ ಒಂದು ನಿಮಿಷ ಉಸಿರು ಎಣಿಸಿ. ಎಂಟಕ್ಕಿಂತ ಕಡಿಮೆಯಿದ್ದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡು ಬಿಡುವಿದ್ದರೆ, ತುಟಿ ನೀಲಿಗಟ್ಟಿದ್ದರೆ, ಫಿಟ್ಸ್ ಬಂದರೆ, ಭುಜ ಹಿಡಿದು ಜೋರಾಗಿ ಅಲುಗಾಡಿಸಿದರೂ ಏಳದಿದ್ದರೆ 108ಕ್ಕೆ ಫೋನ್ ಮಾಡಿ. ಎಲ್ಲ ಲಕ್ಷಣವೂ ಕೂಡಿಬರಲಿ ಎಂದು ಕಾಯಬೇಡಿ, ಒಂದು ಸಾಕು. ಎಷ್ಟು ಕುಡಿದರು, ಯಾವ ಮಾತ್ರೆ ನುಂಗಿದರು ಎಂಬುದನ್ನು ಮುಚ್ಚಿಡದೆ ಹೇಳಿ. ನಿದ್ರೆ ಮಾತ್ರೆಯ ಜೊತೆ ಕುಡಿದಿದ್ದರೆ ಉಸಿರು ಇನ್ನೂ ಬೇಗ ಕುಗ್ಗುತ್ತದೆ.

ಅಮಲೆಂದು ಕಂಡದ್ದೆಲ್ಲ ಅಮಲೇ ಆಗಿರಬೇಕಿಲ್ಲ. ಕುಡಿದು ಬಿದ್ದವರಿಗೆ ತಲೆಯೊಳಗೆ ರಕ್ತಸ್ರಾವವಾಗಿದ್ದರೂ ಅದೇ ತೊದಲು, ಅದೇ ಮಂಪರು. ಬಿದ್ದದ್ದನ್ನು ಯಾರಾದರೂ ಕಂಡಿದ್ದರೆ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟು ಕುಡಿದರೆ ಮತ್ತೊಂದು ಗಂಡಾಂತರ. ಮದ್ಯ ಕರಗಿಸುವುದರಲ್ಲಿ ಮುಳುಗಿದ ಲಿವರ್ ಹೊಸದಾಗಿ ಸಕ್ಕರೆ ತಯಾರಿಸುವುದಿಲ್ಲ, ರಕ್ತದ ಸಕ್ಕರೆ ಕುಸಿಯುತ್ತದೆ. ಗ್ಲುಕೋಮೀಟರ್ ಮನೆಯಲ್ಲಿದ್ದರೆ ಕೂಡಲೇ ನೋಡಿ.

ಮರುದಿನ ಎದೆಬಡಿತ ಲಯ ತಪ್ಪಿದರೆ, ಮೇಲ್ಹೊಟ್ಟೆಯ ನೋವು ಬೆನ್ನಿಗೆ ಹರಿದರೆ, ವಾಂತಿಯಲ್ಲಿ ರಕ್ತ ಕಂಡರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಿರಬೇಡಿ. ದಿನಾ ಕುಡಿಯುವವರು ಹೆದರಿ ಒಮ್ಮೆಲೇ ನಿಲ್ಲಿಸಿದರೂ ಫಿಟ್ಸ್ ಬರಬಹುದು. ಅವರು ವೈದ್ಯರ ನಿಗಾದಲ್ಲೇ ಬಿಡಬೇಕು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಬೆಳಗಿನ ಗಾಡಿಯ ವಿಚಾರ. ರಾತ್ರಿ ಒಂಬತ್ತಕ್ಕೆ ಶುರುಮಾಡಿ ಎರಡು ಕ್ವಾರ್ಟರ್ ಕುಡಿದವರ ಮೈಯಲ್ಲಿ ಬೆಳಗ್ಗೆ ಎಂಟಕ್ಕೂ 30 ಗ್ರಾಂಗಿಂತ ಹೆಚ್ಚು ಉಳಿದಿರುತ್ತದೆ. ಸಾಧಾರಣ ಮೈಕಟ್ಟಿನವರಿಗೆ ಇದು 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ ಎಂಬ ಕಾನೂನಿನ ಮಿತಿಯನ್ನು ಮೀರುತ್ತದೆ. ನೆಟ್ಟಗೆ ನಡೆಯುತ್ತಾರೆ, ಸ್ಪಷ್ಟವಾಗಿ ಮಾತಾಡುತ್ತಾರೆ ಎಂದು ನಂಬಬೇಡಿ. ಮಧ್ಯಾಹ್ನ ದಾಟುವ ತನಕ ಬೈಕಿನ ಕೀಲಿ ನಿಮ್ಮ ಹತ್ತಿರವೇ ಇರಲಿ.

ನಮಸ್ಕಾರ.