ಮೊದಲು ಸೋಪು, ಆಮೇಲೆ ಮಿಕ್ಕಿದ್ದು: ಪುಟ್ಟ ಮಕ್ಕಳಿರುವ ಮನೆಯ ಶುಚಿ

ನಮಸ್ಕಾರ. ತೆರೆಯ ಮೇಲೆ ಕಾಣುತ್ತಿರುವುದು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರುವ ನಮ್ಮ ಬಾಡಿಗೆ ಮನೆಯ ನಡುಮನೆ. ಗುಡಿಸುವ ಭಾಗವನ್ನು ವೇಗವಾಗಿ ಓಡಿಸಿದ್ದೇನೆ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಹಳೆಯ ಕಾಲದ ಕೆಂಪು ಆಕ್ಸೈಡ್ ನೆಲವಾದ್ದರಿಂದ ಧೂಳು ಬಿದ್ದರೆ ತಕ್ಷಣ ಕಾಣುತ್ತದೆ, ಒರೆಸಿದರೆ ತಕ್ಷಣ ಹೊಳೆಯುತ್ತದೆ. ಮಗಳಿಗೆ ನಾಲ್ಕು ವರ್ಷ. ಮಗ ಈಗ ಅಂಬೆಗಾಲಿಡುತ್ತಿದ್ದಾನೆ, ಅವನ ಅಂಗೈ ನೆಲ ಮುಟ್ಟಿದ ಮರುಕ್ಷಣವೇ ಬಾಯಿಗೆ ಹೋಗುತ್ತದೆ. ಹಾಗಾಗಿ ನೆಲಕ್ಕೆ ಸುರಿದದ್ದರಲ್ಲಿ ಒಂದಿಷ್ಟು ಅವನ ಹೊಟ್ಟೆಗೂ ಸೇರುತ್ತದೆ ಎಂಬ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ಈ ಮನೆಯನ್ನು ಶುಚಿ ಮಾಡುತ್ತೇವೆ.

ಇಲ್ಲಿ ಎರಡು ಬಕೆಟ್‌ಗಳಿವೆ. ಒಂದರಲ್ಲಿ ಸ್ವಲ್ಪವೇ ಸೋಪು ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಸೋಪು ಜಿಡ್ಡನ್ನೂ ಅದಕ್ಕೆ ಅಂಟಿಕೊಂಡ ರೋಗಾಣುಗಳನ್ನೂ ನೆಲದಿಂದ ಬಿಡಿಸುತ್ತದೆ, ಎರಡನೆಯ ಸಲ ಬರೀ ನೀರಿನಲ್ಲಿ ಒರೆಸಿದಾಗ ಸೋಪಿನ ಅಂಶವೂ ಹೋಗುತ್ತದೆ. ಒಂದೇ ಬಕೆಟ್ಟಿನ ಕೊಳೆನೀರಿನಲ್ಲಿ ಬಟ್ಟೆಯನ್ನು ಅದ್ದಿ ಅದ್ದಿ ಇಡೀ ಮನೆಯನ್ನು ಒರೆಸುವವರು ಬಚ್ಚಲ ಹೊಸ್ತಿಲ ಕೊಳೆಯನ್ನು ಮಲಗುವ ಕೋಣೆಯವರೆಗೂ ಹಂಚುತ್ತಾ ಬರುತ್ತಾರೆ. ನಮ್ಮ ಅಮ್ಮ ಒರೆಸುವ ನೀರಿಗೆ ಒಂದು ಹಿಡಿ ಕಲ್ಲುಪ್ಪು ಹಾಕುತ್ತಾರೆ. ದೃಷ್ಟಿ ಹೋಗುತ್ತದೆ ಎಂಬುದು ಅವರ ನಂಬಿಕೆ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಒಂದು ಬಕೆಟ್ಟಿಗೆ ಒಂದು ಹಿಡಿ ಉಪ್ಪಿನಿಂದ ರೋಗಾಣು ಸಾಯುವುದಿಲ್ಲ ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳುತ್ತೇನೆ.

ಫಿನೈಲ್ ಈ ಮನೆಯಲ್ಲಿಲ್ಲ. ಬೀದಿಯಲ್ಲಿ ತಳ್ಳುಗಾಡಿಯವರು ಹಳೆಯ ತಂಪು ಪಾನೀಯದ ಬಾಟಲಿಗಳಲ್ಲಿ ತುಂಬಿ ಮಾರುವ ಬಣ್ಣಬಣ್ಣದ ದ್ರವಗಳನ್ನಂತೂ ಯಾರೂ ಮನೆಯೊಳಗೆ ತರಬೇಡಿ. ಓದಲು ಬಾರದ ಮಗುವಿಗೆ ಬಾಟಲಿಯ ಆಕಾರವೇ ಅದರ ಹೆಸರು. ಬಾಯಾರಿದ ಮಗು ಅದನ್ನು ಕುಡಿದರೆ ವಾಂತಿ ಮಾಡಿಸಲು ಹೋಗದೆ, ಆ ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ನೇರವಾಗಿ ಆಸ್ಪತ್ರೆಗೆ ಓಡಬೇಕು, ಏಕೆಂದರೆ ಸುಡುವ ದ್ರವ ಮೇಲೆ ಬರುವಾಗ ಗಂಟಲನ್ನು ಇನ್ನೊಮ್ಮೆ ಸುಡುತ್ತದೆ, ಶ್ವಾಸಕೋಶಕ್ಕೂ ಇಳಿಯಬಹುದು. ನುಸಿಗುಳಿಗೆಗೂ ಇದೇ ಮಾತು. ಬೀರುವಿನಲ್ಲಿ, ಕೈತೊಳೆಯುವ ತೊಟ್ಟಿಯಲ್ಲಿ ಬಿದ್ದಿರುವ ಆ ಬಿಳಿ ಗುಂಡುಗಳು ಮಗುವಿನ ಕಣ್ಣಿಗೆ ಪೆಪ್ಪರ್‌ಮಿಂಟ್. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನೇ ಒಡೆದುಹಾಕುತ್ತದೆ. ದೇವರ ಮನೆಯ ಕರ್ಪೂರದ ಡಬ್ಬಿಯನ್ನೂ ಎತ್ತರದಲ್ಲಿಡಿ, ನುಂಗಿದ ಮಗುವಿಗೆ ಫಿಟ್ಸ್ ಬರುವ ಅಪಾಯವಿದೆ.

ಈಗ ಕ್ಯಾಮೆರಾವನ್ನು ಬಚ್ಚಲ ಬಾಗಿಲಿನ ಕಡೆಗೆ ತಿರುಗಿಸಿದ್ದೇನೆ. ಹೊಸ್ತಿಲ ಪಕ್ಕದಲ್ಲಿ, ಕೆಂಪು ನೆಲದ ಮೇಲೆ ಅಂಗೈಯಗಲ ಬೂದಿಬಣ್ಣದ ಕಲೆಯೊಂದು ಕಾಣುತ್ತಿದೆಯಲ್ಲವೇ? ಅದರ ಅಂಚಿನಲ್ಲಿ ಸಿಮೆಂಟು ಪುಡಿಪುಡಿಯಾಗಿದೆ, ಬೆರಳಾಡಿಸಿದರೆ ಉದುರುತ್ತದೆ. ಈ ಕಲೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮಳೆಗಾಲದ ತೇವದಿಂದ ಬಚ್ಚಲ ಗೋಡೆಗೆ ಬೂಷ್ಟು ಹಿಡಿದಿತ್ತು. ಅಮ್ಮನಿಗೆ ಮಂಡಿನೋವು, ನಮ್ಮಿಬ್ಬರಿಗೂ ಕಚೇರಿ. ಇಡೀ ಮನೆಯನ್ನು ನೂರಕ್ಕೆ ನೂರು ರೋಗಾಣುಮುಕ್ತ ಮಾಡಿಕೊಡುತ್ತೇವೆ ಎಂದ ಒಂದು ಸಂಸ್ಥೆಯವರನ್ನು ಕರೆಸಿದೆವು. ನಾಲ್ಕೂವರೆ ಸಾವಿರ ರೂಪಾಯಿ, ಮುಂಗಡವಾಗಿಯೇ ಪಾವತಿ. ಬಂದ ಇಬ್ಬರು ಹುಡುಗರ ಕೈಯಲ್ಲಿದ್ದ ನೀಲಿ ಕ್ಯಾನಿನ ಮೇಲೆ ಯಾವ ಚೀಟಿಯೂ ಇರಲಿಲ್ಲ. ಇದರಲ್ಲಿ ಏನಿದೆ ಎಂದು ಕೇಳಿದರೆ ‘ಕೆಮಿಕಲ್ ಸಾರ್’ ಎಂಬುದಷ್ಟೇ ಉತ್ತರ. ಪಾಯಿಖಾನೆಗೆ ಮೊದಲು ಆಸಿಡ್ ಕ್ಲೀನರ್ ಹಾಕಿದರು, ಅದು ತೊಳೆದುಹೋಗುವ ಮುಂಚೆಯೇ ಬೂಷ್ಟಿಗೆಂದು ಬ್ಲೀಚಿಂಗ್ ಪೌಡರ್ ಕಲಸಿದ ನೀರನ್ನು ಅದರ ಮೇಲೆಯೇ ಎರಚಿದರು. ಕ್ಷಣಮಾತ್ರದಲ್ಲಿ ಮೂಗು ಕಿತ್ತುಹೋಗುವಂಥ ಘಾಟು ನಡುಮನೆಯವರೆಗೂ ಬಂತು. ಮಗಳು ಒಂದೇ ಸಮನೆ ಕೆಮ್ಮತೊಡಗಿದಳು. ಮಕ್ಕಳನ್ನೂ ಅಮ್ಮನನ್ನೂ ಬೀದಿಗೆ ಕಳಿಸಿ, ಆ ಹುಡುಗರನ್ನೂ ಹೊರಗೆಳೆದು, ಎಲ್ಲ ಕಿಟಕಿಗಳನ್ನೂ ತೆರೆದು, ಘಾಟು ಪೂರ್ತಿ ಇಳಿಯುವವರೆಗೆ ನಾವೆಲ್ಲರೂ ಎದುರುಮನೆಯ ಜಗುಲಿಯ ಮೇಲೆ ಕುಳಿತಿದ್ದೆವು.

ಆಗ ಹುಟ್ಟಿದ್ದು ಕ್ಲೋರಿನ್ ಅನಿಲ. ಪಾಯಿಖಾನೆ ತೊಳೆಯುವ ದ್ರವಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ, ಅದು ಬ್ಲೀಚಿಗೆ ತಗುಲಿದರೆ ಈ ಅನಿಲ ಬಿಡುಗಡೆಯಾಗುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ಮೇಲಕ್ಕೇರದೆ ನೆಲದ ಮಟ್ಟದಲ್ಲೇ ಹರಡಿಕೊಳ್ಳುತ್ತದೆ, ಅಂಬೆಗಾಲಿಡುವ ಮಗು ಉಸಿರಾಡುವುದೂ ಅದೇ ಎತ್ತರದಲ್ಲಿ. ನಿಂತಿರುವ ನಮಗೆ ಘಾಟು ತಿಳಿಯುವ ಹೊತ್ತಿಗೆ ಅವನು ಅದರೊಳಗೇ ಇರುತ್ತಾನೆ. ಮಕ್ಕಳಿಗೆ ಹೆಚ್ಚಿನ ತೊಂದರೆಯಾಗಲಿಲ್ಲ ಎಂಬುದೊಂದೇ ಸಮಾಧಾನ.

ಸಂಸ್ಥೆಯವರಿಗೆ ಫೋನ್ ಮಾಡಿದರೆ ಮುಂದಿನ ಸಲ ಐನೂರು ರೂಪಾಯಿ ಕಡಿಮೆ ಮಾಡುವುದಾಗಿ ಹೇಳಿದರು. ಮುಂದಿನ ಸಲದ ಮಾತನ್ನು ಅವರು ಹೇಗೆ ಆಡಿದರೋ ನನಗೆ ಇಂದಿಗೂ ಅರ್ಥವಾಗಿಲ್ಲ. ಆಸಿಡ್ ಚೆಲ್ಲಿ ನೆಲ ಸುಟ್ಟದ್ದಕ್ಕೆ ಮನೆಯ ಮಾಲೀಕರಿಗೆ ಉತ್ತರ ಹೇಳಬೇಕಾದವರು ನಾವು. ಆ ಹುಡುಗರ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಕೈಗವಸಿರಲಿಲ್ಲ, ಮುಖಕ್ಕೆ ಕಟ್ಟಿಕೊಳ್ಳಲು ಒಂದು ಕರವಸ್ತ್ರವೂ ಇರಲಿಲ್ಲ, ಯಾವುದರ ಜೊತೆ ಯಾವುದನ್ನು ಬೆರೆಸಬಾರದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ನಮಗಿಂತ ಹೆಚ್ಚು ಘಾಟು ಕುಡಿದರು. ಹಣ ತೆಗೆದುಕೊಂಡವರು ಹೊಣೆ ಹೊರಬೇಕಿತ್ತು. ಬಚ್ಚಲು ಒರೆಸಿದ ಮಾಪನ್ನೇ ಅಡುಗೆಮನೆಗೂ ತರುತ್ತಿದ್ದರು ಎಂಬುದನ್ನೂ ಸೇರಿಸುತ್ತೇನೆ. ನೀವು ಯಾರನ್ನಾದರೂ ಕರೆಸುವುದಾದರೆ ದ್ರವದ ಹೆಸರು ಕೇಳಿ, ಕ್ಯಾನಿನ ಮೇಲೆ ಚೀಟಿಯಿಲ್ಲದಿದ್ದರೆ ಬಾಗಿಲಿನಿಂದಲೇ ವಾಪಸು ಕಳಿಸಿ.

ಇಷ್ಟಾದ ಮೇಲೆ ಬ್ಲೀಚನ್ನೇ ಮನೆಯಿಂದ ಹೊರಹಾಕಬೇಕು ಎಂಬುದು ನನ್ನ ದೃಢ ಅಭಿಪ್ರಾಯವಾಗಿತ್ತು. ಆದರೆ ಮಗಳಿಗೆ ನರ್ಸರಿಯಿಂದ ವಾಂತಿಭೇದಿ ಅಂಟಿಕೊಂಡು ಬಂದಾಗ ಆ ಅಭಿಪ್ರಾಯ ಸಡಿಲವಾಯಿತು. ನೊರೊವೈರಸ್‌ನಂಥ ಹೊಟ್ಟೆಯ ವೈರಸ್‌ಗಳಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ಅಲ್ಲಿ ಬ್ಲೀಚೇ ಬೇಕು. ವಾಂತಿಯನ್ನು ಹಳೆಯ ಕಾಗದದಲ್ಲಿ ಬಳಿದು ತೆಗೆದು, ಜಾಗವನ್ನು ಸೋಪಿನಿಂದ ತೊಳೆದು, ಆಮೇಲೆಯೇ ಬ್ಲೀಚ್ ಹಾಕಬೇಕು, ಏಕೆಂದರೆ ಕೊಳೆಯ ಮೇಲೆ ಸುರಿದರೆ ಅದರ ಶಕ್ತಿಯೆಲ್ಲ ಕೊಳೆಯ ಜೊತೆಯಲ್ಲೇ ಕಳೆದುಹೋಗುತ್ತದೆ. ಚೀಟಿಯ ಮೇಲೆ ಶೇಕಡಾ 5 ಎಂದು ಬರೆದಿರುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವಾದರೆ ಒಂದು ಲೀಟರ್ ನೀರಿಗೆ ಕನಿಷ್ಠ 20 ಮಿಲಿಲೀಟರ್ ಬೇಕು. ಕನಿಷ್ಠ 5 ನಿಮಿಷ ಜಾಗ ಒದ್ದೆಯಾಗಿಯೇ ಇರಬೇಕು, ಕಿಟಕಿ ತೆರೆದಿರಬೇಕು, ಕೈಗವಸು ಹಾಕಿಕೊಂಡಿರಬೇಕು, ಕೊನೆಗೆ ಬರೀ ನೀರಿನಲ್ಲಿ ಒರೆಸಬೇಕು. ಕಲಸಿದ್ದನ್ನು ಮರುದಿನಕ್ಕೆ ಇಡಬಾರದು. ಈ ಬಾಟಲಿಯನ್ನು ನಾನು ಅಟ್ಟದ ಮೇಲೆ ಬೀಗದೊಳಗೆ ಇಟ್ಟಿದ್ದೇನೆ, ಕಾಯಿಲೆ ಬಂದಾಗ ಮಾತ್ರ ಅದು ಕೆಳಗಿಳಿಯುತ್ತದೆ. ರೋಟಾವೈರಸ್ ಭೇದಿಯ ವಿಷಯದಲ್ಲಿ ಮಾತ್ರ ಒರೆಸುವುದನ್ನಷ್ಟೇ ನಂಬಿ ಕೂರಬೇಡಿ. 2016ರಿಂದ ಅದರ ಲಸಿಕೆ ದೇಶದ ಉಚಿತ ಲಸಿಕಾ ಕಾರ್ಯಕ್ರಮಕ್ಕೆ ಸೇರಿದೆ, 6, 10 ಮತ್ತು 14ನೆಯ ವಾರಗಳಲ್ಲಿ ಬಾಯಿಗೇ ಹಾಕುತ್ತಾರೆ.

ಅಡುಗೆಮನೆಗೆ ಬಂದೆವು. ಪಾತ್ರೆ ತೊಳೆಯುವುದನ್ನು ನೀವೇ ನೋಡುತ್ತಿದ್ದೀರಿ. ನಾನು ತೋರಿಸಬೇಕೆಂದಿರುವುದು ಒಲೆಯ ಪಕ್ಕದ ಈ ಮಸಿಬಟ್ಟೆಯನ್ನು. ಚೆಲ್ಲಿದ ಹಾಲು, ತರಕಾರಿಯ ಮಣ್ಣು, ಮಗುವಿನ ಮೂತಿ, ಎಲ್ಲವನ್ನೂ ಇದರಲ್ಲೇ ಒರೆಸಿ ಒದ್ದೆಯಾಗಿಯೇ ಮುದುರಿ ಇಡುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒದ್ದೆ, ಬೆಚ್ಚಗಿನ ಜಾಗ, ಅನ್ನದ ಅಗುಳು, ಈ ಮೂರು ಸೇರಿದರೆ ಬ್ಯಾಕ್ಟೀರಿಯಾಕ್ಕೆ ಬೇರೇನೂ ಬೇಡ. ಪಾಯಿಖಾನೆಯ ಬಗ್ಗೆ ಹೆದರುವ ನಾವು ಮಸಿಬಟ್ಟೆಯ ಬಗ್ಗೆ ಹೆದರುವುದಿಲ್ಲ, ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಕೈ ಒರೆಸಲು, ಕಟ್ಟೆ ಒರೆಸಲು, ಬಿಸಿ ಪಾತ್ರೆ ಇಳಿಸಲು ಬೇರೆ ಬೇರೆ ಬಟ್ಟೆಗಳಿರಲಿ, ರಾತ್ರಿ ಕುದಿಯುವ ನೀರಿನಲ್ಲಿ ಹಾಕಿಟ್ಟು ಬೆಳಗ್ಗೆ ಬಿಸಿಲಿಗೆ ಹರವಿ. ಬಿಸಿಲಿಗೆ ಕಾಸು ಕೊಡಬೇಕಾಗಿಲ್ಲ.

ಮಂಡ್ಯದ ಕಡೆಯಿಂದ ಬಂದವರಾದ ನಮಗೆ ಭಾನುವಾರವೆಂದರೆ ಬಾಡೂಟ. ಹಸಿ ಕೋಳಿಮಾಂಸವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಹನಿಗಳು ಕಟ್ಟೆ, ಕೊತ್ತಂಬರಿ, ಮಗುವಿನ ಲೋಟ, ಎಲ್ಲದರ ಮೇಲೂ ಸಿಡಿಯುತ್ತವೆ. ತೊಳೆಯಲೇಬೇಡಿ, ಬೇಯುವಾಗ ರೋಗಾಣು ಸಾಯುತ್ತದೆ ಎಂಬುದು ತಜ್ಞರ ಸಲಹೆ, ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ ತೊಳೆಯದ ಮಾಂಸವನ್ನು ನಮ್ಮಮ್ಮ ಒಲೆಯ ಹತ್ತಿರಕ್ಕೂ ಬಿಡುವುದಿಲ್ಲ, ಕರ್ನಾಟಕದ ಯಾವ ಅಮ್ಮನೂ ಬಿಡಲಾರರು. ಹಾಗಾಗಿ ಈಗ ನಲ್ಲಿ ನಿಲ್ಲಿಸಿ, ಆಳವಾದ ಪಾತ್ರೆಯ ನೀರಿನೊಳಗೇ ಮೆಲ್ಲಗೆ ಜಾಲಿಸಿ, ಆ ನೀರನ್ನು ನಿಧಾನವಾಗಿ ಚೆಲ್ಲಿ, ಕೂಡಲೇ ತೊಟ್ಟಿಯನ್ನೂ ಕೈಗಳನ್ನೂ ಸೋಪಿನಲ್ಲಿ ತೊಳೆದುಕೊಳ್ಳುತ್ತೇವೆ.

ಮಗಳು ಶಾಲೆಯಿಂದ ಬಂದಳು. ಚಪ್ಪಲಿ ಹೊರಗೆ, ಚೀಲ ಮೂಲೆಗೆ, ಅವಳು ನೇರವಾಗಿ ನಲ್ಲಿಯ ಬಳಿಗೆ. ಸ್ಟೂಲ್ ಇಟ್ಟಿರುವುದು ಅವಳ ಕೈ ತಾನಾಗಿಯೇ ನೀರಿಗೆ ಎಟುಕಲೆಂದು. ಇಪ್ಪತ್ತು ಸೆಕೆಂಡು ಉಜ್ಜು ಎಂದರೆ ನಾಲ್ಕು ವರ್ಷದ ಮಗುವಿಗೆ ತಿಳಿಯುವುದಿಲ್ಲ, ಅದಕ್ಕೆ ಒಂದರಿಂದ ಇಪ್ಪತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಾಳೆ. ನೋಡಿ, ಹೆಬ್ಬೆರಳನ್ನು ಮರೆತಳು. ಮಕ್ಕಳೆಲ್ಲರೂ ಹೆಬ್ಬೆರಳನ್ನೂ ಉಗುರಿನ ಸಂದನ್ನೂ ಮರೆಯುತ್ತಾರೆ, ಬಾಯಿಗೆ ಹೋಗುವುದೂ ಅವೇ. ಮಣ್ಣಿನಿಂದ ಬರುವ ಹುಳುವಿನ ಮೊಟ್ಟೆಗಳು ಉಗುರಿನ ಸಂದಿಯಲ್ಲಿ ಕುಳಿತಿರುತ್ತವೆ, ಆದ್ದರಿಂದ ಉಗುರು ಕತ್ತರಿಸಿ, ವರ್ಷಕ್ಕೆರಡು ಸಲ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ತಪ್ಪಿಸಬೇಡಿ. ಈ ಮನೆಯಲ್ಲಿ ನಾನು ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಬೇಕೆಂದರೆ ನೆಲವನ್ನು ಬಿಟ್ಟು ಈ ಕೈಗಳನ್ನೇ ಆರಿಸಿಕೊಳ್ಳುತ್ತೇನೆ. ಮಗುವಿನ ಬಟ್ಟೆ ಬದಲಿಸಿದ ಮೇಲೆ, ಊಟಕ್ಕೆ ಮುಂಚೆ, ದೊಡ್ಡವರ ಕೈಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಮಗುವಿಗೆ ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಾಕುವ ಪದ್ಧತಿ ನಮ್ಮಲ್ಲೂ ಇತ್ತು. ನಿಲ್ಲಿಸಿದ್ದೇವೆ. ಹೊಗೆ ಎಷ್ಟೇ ಪರಿಮಳವಾಗಿದ್ದರೂ ಹೊಗೆಯೇ, ಎಳೆಯ ಶ್ವಾಸಕೋಶಕ್ಕೆ ಅದು ಬೇಡ.

ಇದು ಮನೆಯ ಹಿಂದಿನ ಕನ್ಸರ್ವೆನ್ಸಿ ಗಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಮೈಸೂರನ್ನು ಕಾಡಿತು. 1903ರಲ್ಲಿ ಸ್ಥಾಪನೆಯಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ನಗರಕ್ಕೆ ಗಾಳಿ, ಬೆಳಕು, ಅಗಲವಾದ ರಸ್ತೆಗಳನ್ನು ತಂದುಕೊಟ್ಟಿತು. ಮಲ ಸಾಗಿಸುವ ಕೆಲಸ ಮನೆಯ ಹಿಂದಿನಿಂದಲೇ ನಡೆಯಲೆಂದು ಇಂಥ ಗಲ್ಲಿಗಳನ್ನು ಬಿಡುತ್ತಿದ್ದರು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲ ಸ್ಥಾನ ಪಡೆದಾಗ ನಾವೆಲ್ಲರೂ ಹೆಮ್ಮೆಪಟ್ಟೆವು, ಆ ಹೆಮ್ಮೆ ನನಗಿನ್ನೂ ಇದೆ. ಆದರೆ ಕ್ಯಾಮೆರಾ ತೋರಿಸುತ್ತಿರುವ ಆ ಒಡೆದ ಕುಂಡವನ್ನೂ ಅರ್ಧ ತುಂಬಿದ ಎಳನೀರಿನ ಬುರುಡೆಗಳನ್ನೂ ನೋಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ತಿಳಿನೀರೇ ಬೇಕು, ಅದು ಕಚ್ಚುವುದು ಹಗಲಿನಲ್ಲಿ, ಅಂದರೆ ಮಕ್ಕಳು ಆಡುವ ಹೊತ್ತಿನಲ್ಲಿ. ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ಡ್ರಮ್ಮಿನ ನೀರನ್ನು ಬರೀ ಚೆಲ್ಲಿದರೆ ಸಾಲದು, ಒಳಗೋಡೆಗೆ ಅಂಟಿರುವ ಮೊಟ್ಟೆ ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತದೆ. ವಾರಕ್ಕೊಮ್ಮೆ ಬ್ರಷ್ ಹಾಕಿ ಉಜ್ಜಬೇಕು.

ಕೊನೆಯದಾಗಿ ಸಂಪು. ಕಾರ್ಪೊರೇಷನ್ ನೀರಿಗೆ ಕ್ಲೋರಿನ್ ಹಾಕಿಯೇ ಕಳಿಸುತ್ತಾರೆ, ಆದರೆ ಸಂಪಿನಲ್ಲಿ ನಿಂತಂತೆಲ್ಲ ಅದು ಕಡಿಮೆಯಾಗುತ್ತದೆ. ಸಂಪು ತೊಳೆದ ಮೇಲೆ, ಇಲ್ಲವೇ ನೀರು ಕಲಕಿ ಬಂದು ತಿಳಿಯಾದ ಮೇಲೆ, ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಅದನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಹಾಕಿ ಒಂದು ಗಂಟೆ ಕಾಯಬೇಕು. ಮಕ್ಕಳು ಕುಡಿಯುವ ನೀರನ್ನು ನಾವು ಆಮೇಲೂ ಕುದಿಸಿಯೇ ಕೊಡುತ್ತೇವೆ. ನೀರು ಬಿಟ್ಟ ಸದ್ದು ಕೇಳಿಸುತ್ತಿದೆ, ವಾಲ್ವ್ ತಿರುಗಿಸಲು ಹೋಗಬೇಕು. ಬ್ಲೀಚಿನ ಅಳತೆಗಳನ್ನು ತೆರೆಯ ಮೇಲೆ ಬರೆದು ಹಾಕಿದ್ದೇನೆ, ಬರೆದುಕೊಳ್ಳಿ. ಸಂಪಿನ ಮುಚ್ಚಳಕ್ಕೆ ಬೀಗ ಬೇಕೇಬೇಕು, ಅದನ್ನು ಹಾಕುವುದನ್ನು ಮುಂದಿನ ವೀಡಿಯೊದಲ್ಲಿ ತೋರಿಸುತ್ತೇನೆ.